ತಂಡವಾಗಿ ಕುಳಿತು ಕಾರಣ ಹುಡುಕುವುದು: ಮೀನುಮುಳ್ಳಿನ ನಕ್ಷೆಯನ್ನು ಬಳಸುವ ಕ್ರಮ

ಕೆಲಸದ ಜಾಗದಲ್ಲಿ ಒಂದೇ ತೊಂದರೆ ಮತ್ತೆ ಮತ್ತೆ ಎದುರಾದಾಗ ಪ್ರತಿಯೊಬ್ಬರೂ ಅದರ ಕಾರಣವನ್ನು ತಾವು ನಿಂತ ಮೂಲೆಯಿಂದ ನೋಡಿ ಹೇಳುತ್ತಾರೆ. ಯಂತ್ರದ ಬಳಿ ಇರುವವರಿಗೆ ಅದು ಕಚ್ಚಾ ವಸ್ತುವಿನ ದೋಷವಾಗಿ ಕಾಣುತ್ತದೆ, ಕಚ್ಚಾ ವಸ್ತು ತಂದು ಹಾಕುವವರಿಗೆ ಪ್ಯಾಕಿಂಗಿನವರ ಅವಸರವಾಗಿ ಕಾಣುತ್ತದೆ, ಲೆಕ್ಕ ಬರೆಯುವವರಿಗೆ ಎಲ್ಲರ ಅಸಡ್ಡೆಯಾಗಿ ಕಾಣುತ್ತದೆ. ಒಬ್ಬೊಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿರುತ್ತದೆ, ಆದರೆ ಆ ಮಾತುಗಳು ಒಂದೆಡೆ ಸೇರುವುದಿಲ್ಲ. ಅವುಗಳನ್ನೆಲ್ಲ ಒಂದೇ ಕಾಗದದ ಮೇಲೆ, ಯಾವುದರಿಂದ ಯಾವುದು ಹುಟ್ಟಿತೆಂಬುದು ಕಣ್ಣಿಗೆ ಕಾಣುವ ಹಾಗೆ ಬರೆದಿಡುವ ಸಾಧನವೇ ಕಾರಣ–ಪರಿಣಾಮ ನಕ್ಷೆ, ಅಂದರೆ ಮೀನುಮುಳ್ಳಿನ ನಕ್ಷೆ.

ಜಪಾನಿನ ಕವೊರು ಇಶಿಕಾವಾ (1915–1989) ಈ ನಕ್ಷೆಯನ್ನು 1940ರ ದಶಕದಲ್ಲಿ ಬಳಕೆಗೆ ತಂದರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಅವರು, ಗುಣಮಟ್ಟದ ವಿಚಾರ ಎಂಜಿನಿಯರರ ಕೋಣೆಯಲ್ಲೇ ಉಳಿಯಬಾರದು, ಯಂತ್ರದ ಮುಂದೆ ನಿಂತು ದುಡಿಯುವವರ ಕೈಗೂ ಬರಬೇಕೆಂದು ವಾದಿಸಿದವರು. 1962ರಲ್ಲಿ ಜಪಾನಿನ ಕಾರ್ಖಾನೆಗಳಲ್ಲಿ ಆರಂಭವಾದ ಗುಣಮಟ್ಟ ವೃತ್ತಗಳು, ಅಂದರೆ ಒಂದೇ ವಿಭಾಗದ ಕೆಲಸಗಾರರು ಸೇರಿ ತಮ್ಮ ಕೆಲಸದ ತೊಂದರೆಗಳನ್ನು ತಾವೇ ಚರ್ಚಿಸುವ ಸಣ್ಣ ಗುಂಪುಗಳು, ಈ ನಕ್ಷೆಯನ್ನು ಮನೆಮಾತಾಗಿಸಿದವು. ಬಂಗುಡೆ ಮೀನಿನ ಮಾಂಸ ಬಿಡಿಸಿದ ಮೇಲೆ ತಟ್ಟೆಯಲ್ಲಿ ಉಳಿಯುವ ನಡುಮುಳ್ಳನ್ನೂ ಅದರ ಎರಡೂ ಬದಿಯ ಸಣ್ಣ ಮುಳ್ಳುಗಳನ್ನೂ ನೋಡಿದವರಿಗೆ ನಕ್ಷೆಯ ಆಕಾರವನ್ನು ಬೇರೆ ವಿವರಿಸಬೇಕಾಗಿಲ್ಲ. ತಲೆಯ ಜಾಗದಲ್ಲಿ ತೊಂದರೆ ಇರುತ್ತದೆ, ಮುಳ್ಳುಗಳ ಜಾಗದಲ್ಲಿ ಕಾರಣಗಳು ಇರುತ್ತವೆ.

ಒಂದು ವಿಷಯವನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು. ನಕ್ಷೆಯಲ್ಲಿ ಬರೆದಿರುವುದೆಲ್ಲ ತಂಡದ ಊಹೆ. ಚಾರ್ಟ್ ತುಂಬಿದ ಕೂಡಲೇ ಕಾರಣ ಸಿಕ್ಕಿತೆಂದು ಸಭೆ ಮುಗಿಸಿ ಚಹಾ ಕುಡಿಯುವ ತಂಡಗಳೇ ಹೆಚ್ಚು, ಮತ್ತು ಈ ಸಾಧನದಿಂದ ಏನೂ ಪ್ರಯೋಜನವಾಗಲಿಲ್ಲ ಎಂದು ಆಮೇಲೆ ದೂರುವವರೂ ಹೆಚ್ಚಾಗಿ ಅವರೇ. ಎಲ್ಲಿ ಹೋಗಿ ಏನನ್ನು ಪರೀಕ್ಷಿಸಬೇಕೆಂಬುದರ ಪಟ್ಟಿಯಾಗಿ ನಕ್ಷೆಯನ್ನು ನೋಡುವವರಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಈ ಬರಹದ ಉದ್ದಕ್ಕೂ ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಅಡಿಕೆ ತೋಟಗಳ ನಡುವೆ ಇರುವಂಥ ಒಂದು ಹಾಳೆ ತಟ್ಟೆ ತಯಾರಿಕಾ ಘಟಕ. ಬೇಸಿಗೆಯಲ್ಲಿ ತೋಟಗಳಿಂದ ಸಂಗ್ರಹಿಸಿಟ್ಟ ಹಾಳೆಯನ್ನು, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಭಾಗವನ್ನು, ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ನೀರು ಬಸಿದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡಿ, ಒಣಗಿಸಿ, ಪ್ಲಾಸ್ಟಿಕ್ ಹೊದಿಸಿ ಕಟ್ಟುಗಳನ್ನಾಗಿ ಮಾಡುವುದು ಅಲ್ಲಿನ ಕೆಲಸ. ಮಳೆಗಾಲ ಶುರುವಾದ ಮೇಲೆ ಕೆಲವು ಕಟ್ಟುಗಳು ಬೂಷ್ಟು ಹಿಡಿದು ವಾಪಸು ಬರತೊಡಗಿವೆ.

ತಲೆಯಲ್ಲಿ ಏನು ಬರೆಯಬೇಕು

ನಕ್ಷೆಯ ಬಲತುದಿಯ ಚೌಕದಲ್ಲಿ ತೊಂದರೆಯನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಇದು. ಇದಕ್ಕೆ ಕೊಟ್ಟ ಹೊತ್ತು ಮುಂದೆ ಬಡ್ಡಿ ಸಮೇತ ವಾಪಸಾಗುತ್ತದೆ. ‘ತಟ್ಟೆಯ ಗುಣಮಟ್ಟ ಸರಿಯಿಲ್ಲ’ ಎಂದು ಬರೆದರೆ ಒಬ್ಬರು ಬೂಷ್ಟಿನ ಬಗ್ಗೆ, ಇನ್ನೊಬ್ಬರು ಅಂಚು ಒಡೆಯುವ ಬಗ್ಗೆ, ಮತ್ತೊಬ್ಬರು ಬಣ್ಣದ ಬಗ್ಗೆ ಮಾತನಾಡಲು ಆರಂಭಿಸುತ್ತಾರೆ, ಅರ್ಧ ಗಂಟೆಯಲ್ಲಿ ಚರ್ಚೆ ದಾರಿ ತಪ್ಪುತ್ತದೆ. ‘ಜೂನ್ ಮತ್ತು ಜುಲೈಯಲ್ಲಿ ಕಳುಹಿಸಿದ 10 ಇಂಚಿನ ತಟ್ಟೆಯ 40 ಕಟ್ಟುಗಳಲ್ಲಿ 9 ಕಟ್ಟುಗಳು ಬೂಷ್ಟು ಹಿಡಿದು ವಾಪಸು ಬಂದವು’ ಎಂಬ ವಾಕ್ಯದಲ್ಲಿ ಏನು, ಯಾವಾಗ, ಎಷ್ಟು ಎಂಬ ಮೂರೂ ಇವೆ. ಏಕೆ ಮತ್ತು ಯಾರಿಂದ ಎಂಬ ಎರಡು ಇಲ್ಲ, ಇರಲೂ ಬಾರದು.

ಕಾರಣವು ಗೊತ್ತಿಲ್ಲದ ಹಾಗೆ ತಲೆಯೊಳಗೆ ನುಸುಳುವುದುಂಟು. ‘ಸರಿಯಾಗಿ ಒಣಗಿಸದೆ ಇರುವುದರಿಂದ ತಟ್ಟೆಗೆ ಬೂಷ್ಟು ಹಿಡಿಯುತ್ತದೆ’ ಎಂದು ಬರೆದ ಮರುಕ್ಷಣವೇ ತೀರ್ಪು ಆಗಿಹೋಯಿತು. ಮುಂದೆ ಬರುವ ಕಾರಣಗಳೆಲ್ಲ ಒಣಗಿಸುವವರನ್ನೇ ಸುತ್ತುತ್ತವೆ. ಹೀಗೆ ಬರೆದದ್ದು ಕಂಡರೆ ‘ಇರುವುದರಿಂದ’ ಎಂಬುದರ ತನಕದ ಭಾಗವನ್ನು ತೆಗೆದು, ಅದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಬೇಕು. ಅದೂ ಒಂದು ಊಹೆಯೇ ಆದುದರಿಂದ ಮುಳ್ಳುಗಳ ಕಡೆ ಅದಕ್ಕೆ ಜಾಗ ಸಿಗುತ್ತದೆ.

ತಲೆಯ ವಾಕ್ಯ ಸಿದ್ಧವಾದ ಮೇಲೆ ಅದರ ಎದುರು ಭಾಗವನ್ನೂ ಕೇಳಿಕೊಳ್ಳುವುದು ಒಳ್ಳೆಯದು. ವಾಪಸು ಬಾರದ 31 ಕಟ್ಟುಗಳು ಯಾವುವು? ಸಣ್ಣ ಬಟ್ಟಲುಗಳಿಗೆ ಬೂಷ್ಟು ಹಿಡಿಯಿತೇ, ಇಲ್ಲವೇ? ಹತ್ತಿರದ ಅಂಗಡಿಗಳಿಗೆ ಹೋದ ಮಾಲಿನಿಂದ ದೂರು ಬಂದಿದೆಯೇ, ಅಥವಾ ದೂರದ ಊರುಗಳಿಂದ ಮಾತ್ರವೇ? ತೊಂದರೆ ಎಲ್ಲಿ ಆಗಲಿಲ್ಲ ಎಂಬುದು ಗೊತ್ತಿದ್ದರೆ ಮುಂದೆ ಅನೇಕ ಊಹೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಎಲ್ಲ ಅಳತೆಯ ತಟ್ಟೆಗಳಿಗೂ ಒಂದೇ ತೊಟ್ಟಿಯ ನೀರು ಬಳಸುವುದಾದರೆ, ಆದರೆ ದೊಡ್ಡ ತಟ್ಟೆಗೆ ಮಾತ್ರ ಬೂಷ್ಟು ಹಿಡಿಯುವುದಾದರೆ, ನೀರಿನ ಮೇಲಿನ ಅನುಮಾನ ಅಲ್ಲಿಗೇ ಸಡಿಲವಾಗುತ್ತದೆ.

ಯಾರು ಕೂರಬೇಕು, ಹೇಗೆ ಕೂರಬೇಕು

ಐದರಿಂದ ಎಂಟು ಮಂದಿ ಸಾಕು. ಆ ಕೆಲಸವನ್ನು ಕೈಯಾರೆ ಮಾಡುವವರು ಇರಲೇಬೇಕು, ಅದರ ಹಿಂದಿನ ಹಂತದ ಒಬ್ಬರು ಮತ್ತು ಮುಂದಿನ ಹಂತದ ಒಬ್ಬರು ಇರಬೇಕು. ನಮ್ಮ ಉದಾಹರಣೆಯಲ್ಲಿ ಹಾಳೆ ತಂದು ಹಾಕುವವರು, ಅಚ್ಚಿನ ಬಳಿ ನಿಲ್ಲುವವರು, ಕಟ್ಟುವವರು, ಮಾಲು ಸಾಗಿಸುವ ಪಿಕಪ್‌ನ ಚಾಲಕ, ಹಾಗೂ ಗಿರಾಕಿಗಳ ಫೋನ್ ಎತ್ತುವವರು ಇದ್ದರೆ ತಂಡ ಪೂರ್ತಿಯಾಯಿತು. ಚಾಲಕನನ್ನು ಕರೆಯಲು ಸಾಮಾನ್ಯವಾಗಿ ಯಾರಿಗೂ ತೋಚುವುದಿಲ್ಲ. ಕಟ್ಟುಗಳ ಮೇಲೆ ಟಾರ್ಪಾಲು ಹಾಕಿತ್ತೇ, ಅದರಲ್ಲಿ ತೂತು ಇತ್ತೇ, ಮಾಲು ಇಳಿಸುವ ಮೊದಲು ರಾತ್ರಿಯಿಡೀ ಗಾಡಿ ಎಲ್ಲಿ ನಿಂತಿತ್ತು ಎಂಬುದು ಅವನಿಗೆ ಮಾತ್ರ ಗೊತ್ತಿರುತ್ತದೆ.

ಸಭೆಯನ್ನು ಬೆಳಗ್ಗೆ, ಕೆಲಸ ಶುರುವಾಗುವ ಮೊದಲು ಇಟ್ಟುಕೊಳ್ಳುವುದು ಉತ್ತಮ. ಸಂಜೆಯ ಸಭೆಯಲ್ಲಿ ಎಲ್ಲರ ಒಂದು ಕಣ್ಣು ಬಸ್ಸಿನ ಮೇಲೆ ಇರುತ್ತದೆ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಮಹಿಳೆಯರು ನಡೆಸುವ ಘಟಕವಾದರೆ ವಾರದ ಸಭೆಯ ರೂಢಿ ಮೊದಲೇ ಇರುವುದರಿಂದ ಅದೇ ಸಭೆಯ ಹೊತ್ತನ್ನು ಇದಕ್ಕೆ ಬಳಸಿಕೊಳ್ಳಬಹುದು. ಚಾರ್ಟ್ ಪೇಪರ್ ಇಲ್ಲದಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು, ಆದರೆ ದೂರದಿಂದ ಕಾಣುವಷ್ಟು ದೊಡ್ಡದಾಗಿ ಬರೆಯಲು ಮಾರ್ಕರ್ ಪೆನ್ ಇರಬೇಕು.

ಧನಿಗಳೋ ಮೇಲ್ವಿಚಾರಕರೋ ಸಭೆಯಲ್ಲಿದ್ದರೆ ಅವರು ಕೊನೆಯಲ್ಲಿ ಮಾತನಾಡಬೇಕು. ಇದು ಸೌಜನ್ಯಕ್ಕಾಗಿ ಹೇಳುವ ಮಾತಲ್ಲ. ‘ನನ್ನ ಲೆಕ್ಕದಲ್ಲಿ ಇದು ಪ್ಯಾಕಿಂಗಿನ ತೊಂದರೆ’ ಎಂದು ಧನಿಗಳು ಮೊದಲೇ ಹೇಳಿದರೆ, ಉಳಿದವರೆಲ್ಲ ‘ಹೌದು’ ಎಂದು ತಲೆಯಾಡಿಸುತ್ತಾರೆ, ಆ ಬಳಿಕ ನಕ್ಷೆಯಲ್ಲಿ ಬರುವುದು ಒಬ್ಬರ ಅಭಿಪ್ರಾಯವೇ ಆಗಿರುತ್ತದೆ. ಅದಕ್ಕಾಗಿ ಮೊದಲ ಹತ್ತು ನಿಮಿಷ ಯಾರೂ ಮಾತನಾಡದೆ, ಪ್ರತಿಯೊಬ್ಬರೂ ತಮಗೆ ತೋಚಿದ ಕಾರಣಗಳನ್ನು ಒಂದು ಚೀಟಿಗೆ ಒಂದರಂತೆ ಬರೆಯುವ ಕ್ರಮವನ್ನು ಇಟ್ಟುಕೊಳ್ಳಬೇಕು. ಗಟ್ಟಿ ಸ್ವರದವರ ಮಾತಿಗೂ ಮೆಲುದನಿಯವರ ಮಾತಿಗೂ ಚೀಟಿಯಲ್ಲಿ ಒಂದೇ ತೂಕ.

ಕಾಸರಗೋಡಿನ ಕೆಲಸದ ಜಾಗಗಳಲ್ಲಿ ಚೀಟಿಯ ಭಾಷೆಯ ಪ್ರಶ್ನೆಯೂ ಬರುತ್ತದೆ. ಒಂದೇ ಶೆಡ್ಡಿನೊಳಗೆ ಕನ್ನಡ, ತುಳು, ಮಲಯಾಳ, ಮರಾಟಿ ಮಾತನಾಡುವವರು ಇರುತ್ತಾರೆ. ಉತ್ತರದ ರಾಜ್ಯಗಳಿಂದ ಬಂದ ಕೆಲಸಗಾರರಿದ್ದರೆ ಹಿಂದಿಯೂ ಸೇರುತ್ತದೆ. ಯಾರು ಯಾವ ಭಾಷೆಯಲ್ಲಿ ಬರೆದರೂ ತೆಗೆದುಕೊಳ್ಳಬೇಕು. ಬರೆಯಲು ಬಾರದವರು ಪಕ್ಕದಲ್ಲಿ ಕುಳಿತವರ ಹತ್ತಿರ ಹೇಳಿ ಬರೆಸಿಕೊಳ್ಳಲಿ, ಮೇಲ್ವಿಚಾರಕರ ಹತ್ತಿರ ಬೇಡ. ಚೀಟಿಯನ್ನು ಚಾರ್ಟಿಗೆ ಅಂಟಿಸುವಾಗ ಅದನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿ, ಬರೆದವರು ‘ಅದೇ’ ಎಂದು ಒಪ್ಪಿದ ಮೇಲೆ ಮುಂದಿನ ಚೀಟಿ ತೆಗೆಯಬೇಕು.

ದೊಡ್ಡ ಮುಳ್ಳುಗಳು

ತಲೆಯ ಚೌಕದಿಂದ ಎಡಕ್ಕೆ ಒಂದು ಉದ್ದ ಗೆರೆ, ಅದಕ್ಕೆ ಓರೆಯಾಗಿ ಮೇಲೆ ಮತ್ತು ಕೆಳಗೆ ನಾಲ್ಕರಿಂದ ಏಳು ಗೆರೆಗಳು. ಈ ಓರೆ ಗೆರೆಗಳೇ ದೊಡ್ಡ ಮುಳ್ಳುಗಳು, ಒಂದೊಂದಕ್ಕೂ ಒಂದು ಶೀರ್ಷಿಕೆ. ಕಾರ್ಖಾನೆಗಳಲ್ಲಿ ರೂಢಿಯಾಗಿರುವ ಆರು ಶೀರ್ಷಿಕೆಗಳೆಂದರೆ ಜನ, ಯಂತ್ರ, ಕಚ್ಚಾ ವಸ್ತು, ಕೆಲಸದ ಕ್ರಮ, ಅಳತೆ ಮತ್ತು ಸುತ್ತಲಿನ ಹವೆ. ಪುಸ್ತಕಗಳಲ್ಲಿ ಇವು ಶಾಸನದಂತೆ ಕಂಡರೂ ಹಾಗೇನೂ ಇಲ್ಲ. ಸಣ್ಣ ಘಟಕಗಳಿಗೆ ಕೆಲಸದ ಹಂತಗಳನ್ನೇ ಶೀರ್ಷಿಕೆಯಾಗಿ ಇಡುವುದು ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಳೆ ಸಂಗ್ರಹ, ನೆನೆಸಿ ತೊಳೆಯುವುದು, ಒತ್ತುವುದು, ಒಣಗಿಸುವುದು, ಕಟ್ಟುವುದು, ಸಾಗಾಟ ಎಂದು ಬರೆದರೆ ಯಾವ ಚೀಟಿ ಎಲ್ಲಿಗೆ ಹೋಗಬೇಕೆಂದು ಯಾರೂ ತಲೆ ಕೆರೆದುಕೊಳ್ಳಬೇಕಾಗುವುದಿಲ್ಲ. ‘ಜನ’ ಎಂಬ ಶೀರ್ಷಿಕೆ ಇಲ್ಲದಿರುವುದರಿಂದ ಬೆರಳು ತೋರಿಸುವ ಚಾಳಿಯೂ ಕಡಿಮೆಯಾಗುತ್ತದೆ.

ಹಂತಗಳ ಪ್ರಕಾರ ಬರೆಯುವುದರಲ್ಲಿ ಒಂದು ಕೊರತೆಯಿದೆ. ಅಳತೆಯ ವಿಷಯ ತಪ್ಪಿಹೋಗುತ್ತದೆ. ತಟ್ಟೆ ಒಣಗಿದೆ ಎಂದು ಹೇಗೆ ತೀರ್ಮಾನಿಸುತ್ತಾರೆ, ಅಚ್ಚಿನ ಶಾಖವನ್ನು ತೋರಿಸುವ ಮೀಟರ್ ಸರಿಯಾಗಿದೆಯೇ, ದೂರುಗಳನ್ನು ಯಾರಾದರೂ ಬರೆದಿಡುತ್ತಾರೆಯೇ ಎಂಬ ಪ್ರಶ್ನೆಗಳು ಯಾವ ಹಂತಕ್ಕೂ ಪೂರ್ತಿ ಸೇರದೆ ಉಳಿದುಬಿಡುತ್ತವೆ. ಆದ್ದರಿಂದ ಏಳನೆಯ ಮುಳ್ಳಾಗಿ ‘ಅಳತೆ’ಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಸಣ್ಣ ಮುಳ್ಳುಗಳು: ಬರೆಯುವಾಗಿನ ಎಚ್ಚರ

ಚೀಟಿಗಳನ್ನು ಆಯಾ ಮುಳ್ಳಿಗೆ ಅಂಟಿಸುತ್ತಾ ಹೋದಂತೆ ಕೆಲವು ಮಾತುಗಳು ಪದೇ ಪದೇ ಕಾಣಿಸುತ್ತವೆ. ‘ಗಮನ ಕೊಡುವುದಿಲ್ಲ’, ‘ಅಸಡ್ಡೆ’, ‘ತರಬೇತಿ ಇಲ್ಲ’ ಎಂಬವು ಅಂಥವು. ಇವುಗಳನ್ನು ಹರಿದು ಬಿಸಾಡಬಾರದು, ಹಾಗೆಯೇ ಒಪ್ಪಿಕೊಳ್ಳಲೂ ಬಾರದು. ‘ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ, ಏನು ಮಾಡಬೇಕಿತ್ತು, ಏನು ಆಯಿತು’ ಎಂದು ಬರೆದವರನ್ನೇ ಕೇಳಿದರೆ ಅಸಡ್ಡೆ ಎಂಬ ಮಾತು ಕರಗಿ ಕಣ್ಣಿಗೆ ಕಾಣುವಂಥ ಸಂಗತಿಯೊಂದು ಹೊರಬರುತ್ತದೆ.

ಇನ್ನೊಂದು ಬಗೆಯ ಚೀಟಿ ‘ಡ್ರೈಯರ್ ಇಲ್ಲ’ ಎಂಬಂಥದ್ದು. ಇದು ಕಾರಣದ ವೇಷದಲ್ಲಿ ಬಂದ ಪರಿಹಾರ. ಇದನ್ನು ಕಾರಣವೆಂದು ಒಪ್ಪಿದರೆ ಡ್ರೈಯರ್ ಖರೀದಿಸುವುದೊಂದೇ ದಾರಿ ಉಳಿಯುತ್ತದೆ. ‘ಒಣಗಿಸಿದ ಮೇಲೂ ತಟ್ಟೆಯಲ್ಲಿ ತೇವ ಉಳಿಯುತ್ತದೆ’ ಎಂದು ತಿದ್ದಿ ಬರೆದರೆ, ತೇವ ಉಳಿಯಲು ಬೇರೆ ಕಾರಣಗಳೂ ಇರಬಹುದೆಂಬ ಬಾಗಿಲು ತೆರೆದೇ ಇರುತ್ತದೆ.

‘ಮಳೆ’ ಎಂಬ ಚೀಟಿಯಂತೂ ಈ ಕಡೆ ಬಂದೇ ಬರುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ. ಮಳೆಯನ್ನು ಯಾರೂ ನಿಲ್ಲಿಸಲಾರರು, ಹಾಗೆಂದು ಅದು ಕಾರಣವಲ್ಲವೆಂದೂ ಅಲ್ಲ. ಮಳೆ ನಮ್ಮ ಕೆಲಸವನ್ನು ಯಾವ ಜಾಗದಲ್ಲಿ ಮುಟ್ಟುತ್ತದೆ ಎಂದು ಬರೆಯಬೇಕು: ‘ಒಣಗಿಸಲು ಮಾಡಿನಡಿಯಲ್ಲಿ ಜಾಗ ಸಾಲುವುದಿಲ್ಲ’, ‘ಹಾಳೆಯ ಅಟ್ಟಿ ನೆಲಕ್ಕೆ ತಾಗಿಕೊಂಡೇ ಇದೆ’, ‘ಗಾಳಿಯಾಡುವ ಬದಿಗೆ ಇರಚಲು ಹೊಡೆಯುತ್ತದೆ’. ಈ ಮೂರನ್ನೂ ನೋಡಿ ಪರೀಕ್ಷಿಸಬಹುದು, ಮೂರಕ್ಕೂ ಏನಾದರೂ ಮಾಡಬಹುದು.

ಅಂಟಿಸಿದ ಪ್ರತಿ ಮುಖ್ಯ ಚೀಟಿಗೂ ‘ಅದು ಏಕೆ?’ ಎಂದು ಮತ್ತೆ ಕೇಳುವುದು ಮುಂದಿನ ಹೆಜ್ಜೆ. ಟೊಯೋಟಾದ ತೈಚಿ ಓನೊ ಅವರ ಹೆಸರಿನೊಂದಿಗೆ ಪ್ರಸಿದ್ಧವಾದ ‘ಐದು ಸಲ ಏಕೆ’ ಎಂಬ ಪದ್ಧತಿ ಇದೇ. ಐದು ಎಂಬ ಸಂಖ್ಯೆಗೆ ಕಟ್ಟುಬೀಳಬೇಕಾಗಿಲ್ಲ, ಕೆಲವೊಮ್ಮೆ ಮೂರರಲ್ಲೇ ತಳ ಸಿಗುತ್ತದೆ. ಕೇಳುವ ಧಾಟಿ ಮಾತ್ರ ಮುಖ್ಯ. ಕಟ್ಟುವ ವಿಭಾಗದ ಮುಳ್ಳಿನ ಮುಂದೆ ನಿಂತಾಗ ಮಾತು ಹೀಗೆ ನಡೆಯಬಹುದು:

“ಅಕ್ಕ, ನೀವು ಪ್ಲಾಸ್ಟಿಕ್ ಹೊದಿಸುವಾಗ ತಟ್ಟೆ ಬಿಸಿ ಇರುತ್ತದಾ?”

“ಬೆಳಿಗ್ಗೆಯದ್ದು ಇಲ್ಲ. ಸಂಜೆ ಒತ್ತಿದ್ದು ಬಿಸಿಯೇ ಉಂಟು, ಕೈಗೆ ಗೊತ್ತಾಗ್ತದೆ.”

“ಆರುವ ತನಕ ಇಡ್ಲಿಕ್ಕೆ ಆಗುದಿಲ್ವಾ?”

“ಎಲ್ಲಿ ಇಡುದು? ಐದು ಗಂಟೆಗೆ ಪಿಕಪ್ ಬರ್ತದಲ್ಲ. ನಾಲ್ಕೂವರೆಯ ತನಕ ಒತ್ತುತ್ತಾರೆ, ಮತ್ತೆ ಅರ್ಧ ಗಂಟೆಯಲ್ಲಿ ಕಟ್ಟಿ ಆಗ್ಬೇಕು.”

“ಆ ದಿನದ್ದು ಆ ದಿನವೇ ಹೋಗಬೇಕೂಂತ ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಮೊದಲಿನಿಂದಲೂ ಹಾಗೆಯೇ.”

ಕಟ್ಟುವವರ ಅವಸರ ಎಂದು ಶುರುವಾದದ್ದು ಕೊನೆಗೆ ಗಾಡಿಯ ಹೊತ್ತಿಗೂ, ಯಾರೂ ಪ್ರಶ್ನಿಸದೆ ನಡೆದುಬಂದ ಒಂದು ರೂಢಿಗೂ ಬಂದು ನಿಂತಿತು. ಈ ಸರಣಿಯನ್ನು ಅದೇ ಕ್ರಮದಲ್ಲಿ ಸಣ್ಣ ಮುಳ್ಳಿಗೆ ಇನ್ನೂ ಸಣ್ಣ ಮುಳ್ಳು ಜೋಡಿಸುತ್ತಾ ಬರೆಯಬೇಕು. ಕೇಳುವವರು ವಕೀಲರ ಹಾಗೆ ಪಾಟೀಸವಾಲು ಮಾಡಿದರೆ ಎರಡನೆಯ ಪ್ರಶ್ನೆಗೇ ಬಾಯಿ ಮುಚ್ಚಿಹೋಗುತ್ತದೆ.

ಬರೆದ ಸರಣಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ಅದನ್ನು ಹಿಂದಿನಿಂದ ಮುಂದಕ್ಕೆ ‘ಆದ್ದರಿಂದ’ ಎಂದು ಸೇರಿಸಿ ಓದಬೇಕು. ಆ ದಿನದ ಮಾಲು ಆ ದಿನವೇ ಹೋಗಬೇಕೆಂಬ ರೂಢಿಯಿದೆ, ಆದ್ದರಿಂದ ಒತ್ತುವ ಕೆಲಸ ಮುಗಿದ ಅರ್ಧ ಗಂಟೆಯಲ್ಲಿ ಕಟ್ಟಬೇಕಾಗುತ್ತದೆ, ಆದ್ದರಿಂದ ಬಿಸಿಯಿರುವಾಗಲೇ ಪ್ಲಾಸ್ಟಿಕ್ ಹೊದಿಸಲಾಗುತ್ತದೆ, ಆದ್ದರಿಂದ ತಟ್ಟೆಯಿಂದ ಹೊರಡುವ ಆವಿ ಒಳಗೇ ತಣಿದು ನೀರಾಗುತ್ತದೆ, ಆದ್ದರಿಂದ ಬೂಷ್ಟು ಬೆಳೆಯುತ್ತದೆ. ಎಲ್ಲಿಯಾದರೂ ‘ಆದ್ದರಿಂದ’ ಎಂಬುದು ನಾಲಿಗೆಗೆ ತಡೆದರೆ ಅಲ್ಲಿ ಒಂದು ಕೊಂಡಿ ತಪ್ಪಿದೆ ಎಂದರ್ಥ.

ಯಾವುದನ್ನು ಮೊದಲು ನೋಡುವುದು

ಚಾರ್ಟಿನಲ್ಲಿ ಮೂವತ್ತು ನಲವತ್ತು ಚೀಟಿಗಳಾದರೆ ಎಲ್ಲವನ್ನೂ ಪರೀಕ್ಷಿಸಲು ಸಾಧ್ಯವಿಲ್ಲ. ಪ್ರತಿಯೊಬ್ಬರಿಗೂ ಮೂರು ಚುಕ್ಕೆ ಹಾಕುವ ಅವಕಾಶ ಕೊಟ್ಟು, ಹೆಚ್ಚು ಚುಕ್ಕೆ ಬಿದ್ದ ಮೂರು ನಾಲ್ಕು ಕಾರಣಗಳನ್ನು ಆರಿಸಿಕೊಳ್ಳಬಹುದು. ಚುಕ್ಕೆಗಳು ಸತ್ಯವನ್ನು ನಿರ್ಧರಿಸುವುದಿಲ್ಲ, ಎಲ್ಲಿಂದ ಹುಡುಕಲು ಶುರುಮಾಡಬೇಕೆಂಬುದನ್ನು ಮಾತ್ರ ನಿರ್ಧರಿಸುತ್ತವೆ. ಒಂದೇ ಚುಕ್ಕೆ ಬಿದ್ದ ಕಾರಣವನ್ನು ಐದು ನಿಮಿಷದಲ್ಲಿ ನೋಡಿ ಬರಬಹುದಾದರೆ ಅದನ್ನು ಮೊದಲೇ ನೋಡಿಬಿಡುವುದು ಜಾಣತನ.

ಹೋಗಿ ನೋಡುವುದು

ನಕ್ಷೆಯ ನಿಜವಾದ ಕೆಲಸ ಚಾರ್ಟಿನ ಮುಂದಿನಿಂದ ಎದ್ದ ಮೇಲೆ ಆರಂಭವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರು ಊಹೆಗಳು ಮುಂದೆ ಬಂದವು ಎಂದಿಟ್ಟುಕೊಳ್ಳೋಣ: ತಟ್ಟೆಯಲ್ಲಿ ತೇವ ಉಳಿಯುತ್ತದೆ, ಸಂಜೆ ಹೊತ್ತು ಅಚ್ಚಿಗೆ ಸಾಕಷ್ಟು ಶಾಖ ಬರುವುದಿಲ್ಲ, ಬಿಸಿಯಿರುವಾಗಲೇ ಹೊದಿಸುತ್ತಾರೆ.

ಮೊದಲನೆಯದನ್ನು ನೋಡಲು ಗ್ರಾಮ್ ಲೆಕ್ಕದಲ್ಲಿ ತೋರಿಸುವ ತಕ್ಕಡಿಯೊಂದು ಸಾಕು. ಕಟ್ಟಲು ಸಿದ್ಧವೆಂದು ತೀರ್ಮಾನಿಸಿದ ಹತ್ತು ತಟ್ಟೆಗಳನ್ನು ತೂಗಿ ಬರೆದಿಟ್ಟು, ಅವುಗಳನ್ನು ಬಿಸಿಯಾದ ಒಣ ಜಾಗದಲ್ಲಿ ಬಿಡಿಬಿಡಿಯಾಗಿ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಆಗಾಗ ತೂಗಬೇಕು. ಮೊದಲ ತೂಕಕ್ಕೂ ಕೊನೆಯ ತೂಕಕ್ಕೂ ಇರುವ ವ್ಯತ್ಯಾಸವೇ ಉಳಿದಿದ್ದ ನೀರು. ಕೈಯಲ್ಲಿ ಮುಟ್ಟಿ ‘ಒಣಗಿದೆ’ ಎಂದು ಹೇಳುತ್ತಿದ್ದ ಅಂದಾಜು ಎಷ್ಟು ಸರಿಯೆಂಬುದು ಆಗ ತಿಳಿಯುತ್ತದೆ.

ಎರಡನೆಯದಕ್ಕೆ ವೋಲ್ಟೇಜ್ ನೋಡಬೇಕು. ಬಿಸಿಮಾಡುವ ಕಾಯಿಲ್ ಕೊಡುವ ಶಾಖವು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ಅನುಗುಣವಾಗಿ ಇಳಿಯುತ್ತದೆ. ಎಂದರೆ 230 ವೋಲ್ಟಿನ ಬದಲು 190 ವೋಲ್ಟ್ ಮಾತ್ರ ಬಂದರೆ ವೋಲ್ಟೇಜ್ ಆರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದಂತೆ ಕಂಡರೂ ಶಾಖ ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಅಚ್ಚು ಮತ್ತೆ ಕಾಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಒತ್ತುವವರು ಮಾತ್ರ ಹಿಂದಿನ ಲೆಕ್ಕದಲ್ಲೇ ತಟ್ಟೆ ತೆಗೆಯುತ್ತಿರುತ್ತಾರೆ. ಸಂಜೆ ಒತ್ತುವ ಹೊತ್ತಿನ ವೋಲ್ಟೇಜನ್ನೂ ಬೆಳಗ್ಗಿನದ್ದನ್ನೂ ಒಂದು ವಾರ ಬರೆದಿಟ್ಟರೆ ಈ ಊಹೆಯಲ್ಲಿ ಹುರುಳಿದೆಯೇ ಎಂದು ಗೊತ್ತಾಗುತ್ತದೆ.

ಮೂರನೆಯದಕ್ಕಾಗಿ ಪ್ರತಿ ಕಟ್ಟಿನ ಒಳಗೆ ಒಂದು ಸಣ್ಣ ಚೀಟಿ ಇಡಬೇಕು: ಒತ್ತಿದ ದಿನಾಂಕ, ಬೆಳಗ್ಗೆಯೋ ಸಂಜೆಯೋ, ಯಾವ ಯಂತ್ರ, ಹಾಳೆಯ ಯಾವ ಅಟ್ಟಿ. ವಾಪಸು ಬಂದ ಕಟ್ಟುಗಳ ಚೀಟಿ ನೋಡಿ ಒಂದು ಪಟ್ಟಿಯಲ್ಲಿ ಗೀಟು ಹಾಕುತ್ತಾ ಹೋಗುವುದು. ಗುಣಮಟ್ಟದ ಏಳು ಮೂಲ ಸಾಧನಗಳೆಂದು ಇಶಿಕಾವಾ ಅವರು ಪ್ರಚುರಪಡಿಸಿದವುಗಳಲ್ಲಿ ಮೀನುಮುಳ್ಳಿನ ಜೊತೆಗೆ ಈ ಗೀಟಿನ ಪಟ್ಟಿಯೂ ಒಂದು. ಎರಡರಲ್ಲಿ ಯಾವುದನ್ನಾದರೂ ಬಿಡಲೇಬೇಕೆಂದರೆ ನಾನು ಮೀನುಮುಳ್ಳನ್ನೇ ಬಿಟ್ಟೇನು.

ಇಲ್ಲಿಯೇ ಒಂದು ಸಿಕ್ಕು ಎದುರಾಗುತ್ತದೆ. ವಾಪಸು ಬಂದವುಗಳಲ್ಲಿ ಹೆಚ್ಚಿನವು ಸಂಜೆ ಒತ್ತಿದವು ಎಂದು ಪಟ್ಟಿ ತೋರಿಸಿತು ಎಂದುಕೊಳ್ಳಿ. ವೋಲ್ಟೇಜಿನ ಪಕ್ಷದವರು ‘ನೋಡಿದಿರಾ’ ಎನ್ನುತ್ತಾರೆ, ಬಿಸಿ ಕಟ್ಟಿನ ಪಕ್ಷದವರೂ ಅದನ್ನೇ ಎನ್ನುತ್ತಾರೆ. ಎರಡೂ ಕಾರಣಗಳು ಸಂಜೆಯ ಹೊತ್ತಿಗೇ ಸೇರಿರುವುದರಿಂದ ಆ ಪಟ್ಟಿಯೊಂದರಿಂದಲೇ ಇವುಗಳನ್ನು ಬೇರ್ಪಡಿಸಲಾಗದು. ಬೇರ್ಪಡಿಸಬೇಕಾದರೆ ಕ್ರಮವನ್ನು ಬೇಕೆಂದೇ ಬದಲಿಸಿ ನೋಡಬೇಕು. ಸಂಜೆ ಒತ್ತಿದ ತಟ್ಟೆಗಳಲ್ಲಿ ಅರ್ಧವನ್ನು ಎಂದಿನಂತೆ ಬಿಸಿಯಿರುವಾಗಲೇ ಹೊದಿಸಿ, ಉಳಿದರ್ಧವನ್ನು ರಾತ್ರಿಯಿಡೀ ಬಿಡಿಸಿಟ್ಟು ಮರುದಿನ ಹೊದಿಸಬೇಕು. ಬೆಳಗ್ಗೆ ಒತ್ತಿದವುಗಳಲ್ಲೂ ಅರ್ಧವನ್ನು ಬಿಸಿಯಾಗಿಯೇ ಹೊದಿಸಿ, ಉಳಿದರ್ಧವನ್ನು ಆರಿಸಿ ಹೊದಿಸಬೇಕು. ಹೀಗೆ ನಾಲ್ಕು ಬಗೆಯ ಕಟ್ಟುಗಳಾದವು. ಇವುಗಳನ್ನು ಗಿರಾಕಿಗಳಿಗೆ ಕಳುಹಿಸದೆ ಗೋದಾಮಿನಲ್ಲಿ ಒಂದೇ ಜಾಗದಲ್ಲಿ ಎರಡು ವಾರ ಇಟ್ಟು ಬಿಚ್ಚಿ ನೋಡಬೇಕು. ಬಿಸಿಯಾಗಿ ಹೊದಿಸಿದವುಗಳಿಗೆ ಬೆಳಗ್ಗೆ, ಸಂಜೆ ಎಂಬ ಭೇದವಿಲ್ಲದೆ ಬೂಷ್ಟು ಬಂದು, ಆರಿಸಿ ಹೊದಿಸಿದವುಗಳಿಗೆ ಬಾರದಿದ್ದರೆ ಕಟ್ಟುವ ಕ್ರಮವೇ ಕಾರಣ. ಹೇಗೆ ಹೊದಿಸಿದರೂ ಸಂಜೆಯವುಗಳಿಗೆ ಮಾತ್ರ ಬಂದರೆ ವೋಲ್ಟೇಜಿನ ಕಡೆ ತಿರುಗಬೇಕು. ಸಂಜೆ ಒತ್ತಿ ಬಿಸಿಯಾಗಿ ಹೊದಿಸಿದವುಗಳಿಗೆ ಮಾತ್ರ ಬಂದರೆ ಎರಡೂ ಸೇರಿಯೇ ತೊಂದರೆ ಮಾಡುತ್ತಿವೆ, ಒಂದನ್ನು ಸರಿಪಡಿಸಿದರೂ ಗುಣ ಕಂಡೀತು. ನಾಲ್ಕೂ ಬಗೆಗೆ ಬಂದರೆ ಈ ಎರಡೂ ಊಹೆಗಳನ್ನು ಬದಿಗಿಟ್ಟು ಹಾಳೆಯ ಅಟ್ಟಿಯನ್ನೋ ತೊಳೆಯುವ ನೀರನ್ನೋ ನೋಡಲು ಹೋಗಬೇಕು. ಒಂದೆರಡು ಕಟ್ಟುಗಳನ್ನು ನೋಡಿ ತೀರ್ಮಾನಕ್ಕೆ ಬರಬಾರದು, ಪ್ರತಿ ಬಗೆಗೂ ಹತ್ತು ಕಟ್ಟುಗಳಾದರೂ ಇರಲಿ.

ಕಚೇರಿಯ ತೊಂದರೆಗಳಿಗೆ

ಯಂತ್ರಗಳಿಲ್ಲದ ಕಡೆಯೂ ಇದೇ ಕ್ರಮ ನಡೆಯುತ್ತದೆ. ಸಹಕಾರಿ ಬ್ಯಾಂಕಿನಲ್ಲೋ ಪಂಚಾಯತಿನಲ್ಲೋ ಅರ್ಜಿಗಳು ಮತ್ತೆ ಮತ್ತೆ ವಾಪಸಾಗುತ್ತಿದ್ದರೆ, ಅರ್ಜಿ ತುಂಬುವುದು, ದಾಖಲೆ ಜೋಡಿಸುವುದು, ಕೌಂಟರಿನಲ್ಲಿ ನೋಡುವುದು, ಕಂಪ್ಯೂಟರಿಗೆ ಏರಿಸುವುದು, ಮೇಲಿನ ಕಚೇರಿಗೆ ಕಳುಹಿಸುವುದು ಎಂಬ ಹಂತಗಳೇ ಮುಳ್ಳುಗಳಾಗುತ್ತವೆ. ಗಡಿ ಜಿಲ್ಲೆಯಲ್ಲಿ ದಾಖಲೆಯ ಮುಳ್ಳು ಉಳಿದವುಗಳಿಗಿಂತ ಉದ್ದವಾಗುವುದು ಸಹಜ. ಒಬ್ಬರದೇ ಹೆಸರು ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡದಲ್ಲಿ, ರೇಶನ್ ಕಾರ್ಡಿನಲ್ಲಿ ಮಲಯಾಳದಲ್ಲಿ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ಒಂದರಲ್ಲಿ ಮನೆತನದ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಇನಿಶಿಯಲ್ ಮಾತ್ರ. ‘ಅರ್ಜಿದಾರರು ಸರಿಯಾಗಿ ತುಂಬುವುದಿಲ್ಲ’ ಎಂದು ಕೌಂಟರಿನವರು ಬರೆದ ಚೀಟಿಗೆ ಎರಡು ಸಲ ‘ಏಕೆ’ ಎಂದು ಕೇಳಿದರೆ ಹೆಚ್ಚಾಗಿ ಇಲ್ಲಿಗೇ ಬಂದು ತಲುಪುತ್ತೇವೆ. ವಾಪಸಾದ ಅರ್ಜಿಗಳನ್ನು ಕಾರಣಾನುಸಾರ ವಿಂಗಡಿಸಿ ಗೀಟು ಹಾಕಿದರೆ ಇದು ಊಹೆಯೋ ನಿಜವೋ ಎಂಬುದು ಒಂದು ವಾರದಲ್ಲಿ ಗೊತ್ತಾಗುತ್ತದೆ.

ಈ ನಕ್ಷೆ ಬೇಡವಾದ ಸಂದರ್ಭಗಳೂ ಇವೆ. ಕಾರಣ ಎಲ್ಲರಿಗೂ ಗೊತ್ತಿದ್ದು, ಅದನ್ನು ಸರಿಪಡಿಸಲು ಹಣವೋ ಮನಸ್ಸೋ ಇಲ್ಲದಿರುವಾಗ ಜನರನ್ನು ಚಾರ್ಟಿನ ಮುಂದೆ ಕೂರಿಸುವುದು ಅವರ ಹೊತ್ತನ್ನು ಹಾಳುಮಾಡಿದಂತೆ. ಸಂಬಳ ಕಡಿಮೆಯಾದ್ದರಿಂದ ಕೆಲಸಗಾರರು ಬಿಟ್ಟುಹೋಗುತ್ತಿದ್ದರೆ ಆರು ಮುಳ್ಳು ಬರೆದು ಹುಡುಕಬೇಕಾದ್ದು ಏನೂ ಇಲ್ಲ. ಒಬ್ಬ ವ್ಯಕ್ತಿಯ ಮೇಲಿನ ದೂರನ್ನು ವಿಚಾರಿಸಲು ಸಹ ಇದನ್ನು ಬಳಸಕೂಡದು. ಒಮ್ಮೆ ಹಾಗೆ ಬಳಸಿದ ಜಾಗದಲ್ಲಿ ಮುಂದೆ ಯಾರೂ ಚೀಟಿಯಲ್ಲಿ ನಿಜ ಬರೆಯುವುದಿಲ್ಲ.

ಬದಲಾವಣೆ ಮಾಡಿದ ಮೇಲೆ

ಕಾರಣ ಖಚಿತವಾದ ಬಳಿಕ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಪಿಕಪ್‌ನ ಹೊತ್ತನ್ನು ಮರುದಿನ ಬೆಳಗ್ಗೆಗೆ ಬದಲಿಸಿ, ಅದೇ ವಾರ ತೊಳೆಯುವ ತೊಟ್ಟಿಯನ್ನೂ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ಹೇಳಲಾಗದು. ಏನು, ಯಾರು, ಯಾವ ದಿನಾಂಕದೊಳಗೆ ಎಂಬುದನ್ನು ಚಾರ್ಟಿನ ಕೆಳಗೇ ಬರೆದು, ಚಾರ್ಟನ್ನು ಕೆಲಸದ ಜಾಗದ ಗೋಡೆಯ ಮೇಲೆ ಬಿಡಬೇಕು. ಪರೀಕ್ಷೆಯಲ್ಲಿ ಸುಳ್ಳೆಂದು ತೋರಿದ ಚೀಟಿಗಳನ್ನು ಕಿತ್ತು ತೆಗೆಯದೆ, ಅವುಗಳ ಮೇಲೆ ಗೆರೆ ಎಳೆದು, ಹೇಗೆ ಪರೀಕ್ಷಿಸಿದೆವೆಂದು ಒಂದು ಸಾಲು ಬರೆದಿಟ್ಟರೆ ಹೊಸದಾಗಿ ಕೆಲಸಕ್ಕೆ ಸೇರಿದವರು ಅದೇ ಊಹೆಯನ್ನು ಮತ್ತೆ ಎತ್ತಿಕೊಂಡು ಬರುವುದು ತಪ್ಪುತ್ತದೆ.

ಫಲಿತಾಂಶವನ್ನು ಅಳೆಯುವಾಗ ತಲೆಯ ಚೌಕದಲ್ಲಿ ಬರೆದ ಅದೇ ಲೆಕ್ಕವನ್ನು ಬಳಸಬೇಕು, ಅಂದರೆ ಕಳುಹಿಸಿದ ಕಟ್ಟುಗಳಲ್ಲಿ ಎಷ್ಟು ವಾಪಸಾದವು ಎಂಬುದನ್ನು. ಅಕ್ಟೋಬರಿನಲ್ಲಿ ಬದಲಾವಣೆ ಮಾಡಿ ಜನವರಿಯಲ್ಲಿ ದೂರು ಕಡಿಮೆಯಾಯಿತೆಂದು ಲೆಕ್ಕ ಮುಗಿಸಬಾರದು, ಏಕೆಂದರೆ ಒಣ ಹವೆಯಲ್ಲಿ ಅದು ಹೇಗೂ ಕಡಿಮೆಯಾಗುತ್ತದೆ. ಕಟ್ಟಿನೊಳಗೆ ಚೀಟಿ ಇಡುವ ಕ್ರಮವನ್ನು ಬೇಸಿಗೆಯಲ್ಲೂ ಬಿಡದೆ ಮುಂದುವರಿಸಿ, ಮುಂದಿನ ಜೂನ್ ಮತ್ತು ಜುಲೈಯ ಲೆಕ್ಕವನ್ನು ಹಿಂದಿನ ಜೂನ್ ಮತ್ತು ಜುಲೈಯ ಲೆಕ್ಕದ ಪಕ್ಕದಲ್ಲಿ ಬರೆದು ನೋಡಬೇಕು.